84 ಕ್ರೆಡಿಟ್ ಆಗಿದೆ, ಇನ್ನೆಷ್ಟು ಸೆಮಿಸ್ಟರ್?

2025ರ ಆಷಾಢ ಮುಗಿದ ಮೊದಲ ಭಾನುವಾರ. ಅಕ್ಕನ ಮಗ ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದು ಮಂಡ್ಯದಲ್ಲೇ ಇಳಿದಿದ್ದ. ಅವರ ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಮನೆಗೆ ಹೋಗುವ ಮೊದಲು ನನ್ನ ಹತ್ತಿರ ಬಂದಿದ್ದಾನೆ ಅಂದರೆ ಏನೋ ಇದೆ ಅಂದುಕೊಂಡೆ. ಉಪ್ಪಿಟ್ಟು ತಿಂದು ಕೈ ತೊಳೆದವನೇ ಒಂದು ಪ್ಲಾಸ್ಟಿಕ್ ಫೈಲ್ ತೆಗೆದು ಊಟದ ಟೇಬಲ್ ಮೇಲೆ ಹರಡಿದ. ಬಿಸಿಎ, ನಾಲ್ಕು ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು.

"ಮಾವ, 84 ಕ್ರೆಡಿಟ್ ಆಗಿದೆ. ಡಿಗ್ರಿಗೆ ಬೇಕಿರೋದು 120. ಮೈಸೂರಿನ ಕಾಲೇಜಿಗೆ ಟ್ರಾನ್ಸ್‌ಫರ್ ತಗೊಂಡ್ರೆ ಉಳಿಯೋದು 36. ಒಂದೆರಡು ಕೋರ್ಸು ಆನ್‌ಲೈನಲ್ಲಿ ಮುಗಿಸಿದ್ರೆ ಒಂದೂವರೆ ಸೆಮಿಸ್ಟರಲ್ಲಿ ಡಿಗ್ರಿ ಬಂದ್ಬಿಡುತ್ತೆ ಅಲ್ವಾ?"

ಕೂಡಿ ಕಳೆಯುವುದರಲ್ಲಿ ತಪ್ಪಿರಲಿಲ್ಲ. ಆದರೆ ಡಿಗ್ರಿ ಈ ಲೆಕ್ಕದಲ್ಲಿ ಮುಗಿಯುವುದಿಲ್ಲ.

ಭಾವನಿಗೆ ವರ್ಷದ ಹಿಂದೆ ಬೆನ್ನಿನ ಆಪರೇಷನ್ ಆಗಿತ್ತು. ಅಂಗಡಿಗೆ ಕೈ ಬೇಕು, ಬೆಂಗಳೂರಿನ ಪಿಜಿ ಬಾಡಿಗೆಯೂ ಜಾಸ್ತಿ. ಹುಡುಗ ಊರಿಗೆ ಬರ್ತೀನಿ ಅಂದಿದ್ದರಲ್ಲಿ ಏನೂ ತಪ್ಪಿಲ್ಲ. ನಾನು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವನು. ಅಡ್ಮಿಷನ್ ಸಮಯ ಬಂತೆಂದರೆ ಇದೇ ಪ್ರಶ್ನೆ ಹಿಡಿದು ಮಕ್ಕಳು ಬರುತ್ತಲೇ ಇರುತ್ತಾರೆ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದವರಿಗೆ ಎರಡು ಮಾತು ಹೇಳಿ ಕಳಿಸುತ್ತೇನೆ, ನಿಜ ಹೇಳಬೇಕೆಂದರೆ. ಮನೆ ಹುಡುಗನ ಫೈಲ್ ಮುಂದೆ ಕೂತಾಗ ಒಂದೊಂದೇ ಸಾಲು ನೋಡಬೇಕಾಯಿತು. ಅವತ್ತು ಮಧ್ಯಾಹ್ನದ ತನಕ ನೋಡಿದ್ದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಕ್ರೆಡಿಟ್ ಅಂದರೆ ಅಂಕ ಅಲ್ಲ. ಅದು ಒಂದು ವಿಷಯಕ್ಕೆ ಕೊಟ್ಟ ಸಮಯದ ಅಳತೆ. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪೂರ್ತಿ ಪಾಠ ನಡೆದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ವಾರಕ್ಕೆ ಎರಡು ಗಂಟೆಗೆ ಒಂದು. ಹಾಗಾಗಿ ವಾರಕ್ಕೆ ಮೂರು ಗಂಟೆ ಥಿಯರಿ, ಎರಡು ಗಂಟೆ ಲ್ಯಾಬ್ ಇರುವ ಡಿಬಿಎಂಎಸ್ (ಡೇಟಾಬೇಸ್ ವಿಷಯ) ನಾಲ್ಕು ಕ್ರೆಡಿಟ್ಟಿನ ಪೇಪರ್. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಮನೆಯಲ್ಲಿ ಓದುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲ ಸೇರಿಸಿ ಒಂದು ಕ್ರೆಡಿಟ್‌ಗೆ 30 ಗಂಟೆ ಎಂದು ಹಿಡಿಯುತ್ತದೆ. ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್. ಮೂರು ವರ್ಷದ ಡಿಗ್ರಿಗೆ 120, ನಾಲ್ಕು ವರ್ಷದ್ದಕ್ಕೆ 160. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ತನ್ನ 2022ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಬಿಇಗೆ ಇಟ್ಟಿರುವುದೂ 160. ಒಂದೊಂದು ವಿಶ್ವವಿದ್ಯಾಲಯದಲ್ಲಿ ಈ ಸಂಖ್ಯೆ ಸ್ವಲ್ಪ ಹಿಂದುಮುಂದಾಗುತ್ತದೆ, ಅದಿರಲಿ.

ಇಲ್ಲಿ ಮಕ್ಕಳು ಮರೆಯುವುದು ಒಂದೇ. ಪ್ರತಿ ಕ್ರೆಡಿಟ್ಟಿಗೂ ಒಂದು ಹೆಸರಿದೆ. ಡೇಟಾ ಸ್ಟ್ರಕ್ಚರ್ಸ್‌ನ ನಾಲ್ಕು ಕ್ರೆಡಿಟ್ ಬೇಕಾದ ಕಡೆ ಪರಿಸರ ಅಧ್ಯಯನದ ಎರಡು, ಯೋಗದ ಒಂದು, ಇನ್ನೆಲ್ಲಿಯದೋ ಒಂದು ಸೇರಿಸಿ ನಾಲ್ಕು ಅನ್ನುವಂತಿಲ್ಲ. ದುಡ್ಡಾದರೆ ಯಾವ ನೋಟು ಕೊಟ್ಟರೂ ನಡೆಯುತ್ತದೆ. ಕ್ರೆಡಿಟ್ ಹಾಗಲ್ಲ.

ಬ್ಯಾಂಕ್ ಇದೆ, ಆದರೆ

"ಎಬಿಸಿಯಲ್ಲಿ ಎಲ್ಲಾ ಇದೆ ಮಾವ" ಅಂತ ಫೋನ್ ತೋರಿಸಿದ. ಎಬಿಸಿ ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2021ರ ಜುಲೈನಲ್ಲಿ ಇದರ ನಿಯಮ ತಂದಿತು. ಡಿಜಿಲಾಕರ್ ಮೂಲಕ ಖಾತೆ ತೆರೆದರೆ 12 ಅಂಕಿಯ ಐಡಿ ಸಿಗುತ್ತದೆ. ಈಗ ಅದನ್ನೇ ಅಪಾರ್ ಐಡಿ ಅನ್ನುವುದು ರೂಢಿಯಾಗಿದೆ. ಪರೀಕ್ಷೆ ಪಾಸಾದ ಮೇಲೆ ಕ್ರೆಡಿಟ್ ಜಮಾ ಮಾಡುವುದು ನೀವಲ್ಲ, ನಿಮ್ಮ ವಿಶ್ವವಿದ್ಯಾಲಯ. ಜಮಾ ಆದದ್ದು ಹೆಚ್ಚೆಂದರೆ ಏಳು ವರ್ಷ ಚಾಲ್ತಿಯಲ್ಲಿರುತ್ತದೆ. ಒಂದು ಡಿಗ್ರಿಗೆ ಬಳಸಿಕೊಂಡ ಕ್ರೆಡಿಟ್ ಖರ್ಚಾಯಿತು, ಇನ್ನೊಂದು ಡಿಗ್ರಿಗೆ ತೋರಿಸುವಂತಿಲ್ಲ.

ಬ್ಯಾಂಕ್ ಅನ್ನುವ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಅನಿಸಿಕೆ. ಬ್ಯಾಂಕಿನಲ್ಲಿ ದುಡ್ಡಿದ್ದರೆ ಯಾವ ಅಂಗಡಿಯವನೂ ಬೇಡ ಅನ್ನುವುದಿಲ್ಲ. ಎಬಿಸಿ ಮಾಡುವುದು ದಾಖಲೆ ಇಡುವ ಕೆಲಸ ಮಾತ್ರ. ಈ ಹುಡುಗ ಈ ವಿಷಯವನ್ನು ಇಂಥ ಕಡೆ ಓದಿ ಪಾಸಾಗಿದ್ದು ನಿಜ, ಇದು ನಕಲಿ ಮಾರ್ಕ್ಸ್ ಕಾರ್ಡ್ ಅಲ್ಲ ಅನ್ನುವ ಸಾಕ್ಷಿ. ಅದನ್ನು ಒಪ್ಪುವುದು ಬಿಡುವುದು ನೀವು ಹೋಗಿ ಸೇರುವ ಕಾಲೇಜು, ಅದರ ವಿಶ್ವವಿದ್ಯಾಲಯಕ್ಕೆ ಬಿಟ್ಟಿದ್ದು. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಬ್ಬಿನ ಲಾರಿಯನ್ನು ದಾರಿಯಲ್ಲಿ ಯಾವ ವೇಬ್ರಿಡ್ಜ್ ಮೇಲೆ ಬೇಕಾದರೂ ತೂಕ ಹಾಕಿಸಿ, ಚೀಟಿ ಇಟ್ಟುಕೊಳ್ಳಿ. ಕಾರ್ಖಾನೆ ಗೇಟಿನಲ್ಲಿ ಮತ್ತೆ ಅವರದೇ ವೇಬ್ರಿಡ್ಜ್ ಮೇಲೆ ಹತ್ತಿಸಬೇಕು. ದುಡ್ಡು ಬರುವುದು ಆ ಎರಡನೇ ಚೀಟಿಗೆ.

ಇನ್ನೊಂದು ಸಣ್ಣ ತೊಡಕು. ಅವನ ಎಬಿಸಿ ಖಾತೆಯಲ್ಲಿ ಮೂರು ಸೆಮಿಸ್ಟರಿನದು ಮಾತ್ರ ಕಾಣುತ್ತಿತ್ತು, ಒಂದು ನಾಪತ್ತೆ. ನೋಡಿದರೆ ಹೆಸರಿನ ಜಗಳ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೆಸರಿನ ಮುಂದೆ ಒಂದಕ್ಷರದ ಇನಿಷಿಯಲ್. ಆಧಾರ್‌ನಲ್ಲಿ ಆ ಇನಿಷಿಯಲ್ ಬಿಚ್ಚಿಕೊಂಡು ಅಪ್ಪನ ಪೂರ್ತಿ ಹೆಸರಾಗಿದೆ. ಕಾಲೇಜಿನವರು ಒಂದು ಸೆಮಿಸ್ಟರಿನಲ್ಲಿ ಹಾಗೆ, ಒಂದರಲ್ಲಿ ಹೀಗೆ ತುಂಬಿದ್ದಾರೆ. ನಮ್ಮ ಕಡೆ ಇನಿಷಿಯಲ್ ಇರುವ ಅರ್ಧಕ್ಕರ್ಧ ಮಕ್ಕಳಿಗೆ ಈ ಗೋಳು ಇದೆ. ಟ್ರಾನ್ಸ್‌ಫರ್ ಮಾತು ಆಮೇಲೆ, ಮೊದಲು ಆಧಾರ್ ಮತ್ತು ಎಸ್‌ಎಸ್‌ಎಲ್‌ಸಿ ಕಾರ್ಡಿನ ಹೆಸರು ಒಂದೇ ಥರ ಮಾಡಿಸಿಕೊಳ್ಳಿ. ಅಡ್ಮಿಷನ್ ಕೊನೇ ದಿನ ಇದಕ್ಕಾಗಿ ಓಡಾಡುವುದಿದೆಯಲ್ಲ, ಬೇಡ.

ಎರಡು ಸಿಲಬಸ್ ಪಕ್ಕಪಕ್ಕ ಇಟ್ಟಾಗ

ಕಾಲೇಜು ಕ್ರೆಡಿಟ್ ಒಪ್ಪುವುದು ಹೇಗೆ? ವಿಷಯದ ಹೆಸರು ನೋಡಿ ಅಲ್ಲ, ಸಿಲಬಸ್ ನೋಡಿ. ಎರಡೂ ಕಡೆಯ ಸಿಲಬಸ್ ಯೂನಿಟ್ ಯೂನಿಟ್ ಹೋಲಿಸುತ್ತಾರೆ. ಇದಕ್ಕೆ ಈಕ್ವಿವಲೆನ್ಸ್ ಅನ್ನುತ್ತಾರೆ. ಸಾಮಾನ್ಯವಾಗಿ ಆ ವಿಷಯದ ಬೋರ್ಡ್ ಆಫ್ ಸ್ಟಡೀಸ್, ನಮ್ಮ ಬಾಯಲ್ಲಿ ಬಿಓಎಸ್, ಅದನ್ನು ನೋಡಿ ಹೇಳುತ್ತದೆ.

ನಾವೂ ಟೇಬಲ್ ಮೇಲೆ ಅದನ್ನೇ ಮಾಡಿದೆವು. ಅವನ ಡೇಟಾ ಸ್ಟ್ರಕ್ಚರ್ಸ್ ಪೇಪರ್ ತೆಗೆದುಕೊಂಡೆವು. ಮೈಸೂರಿನಲ್ಲಿ ಅವನು ಸೇರಬೇಕೆಂದಿದ್ದ ಕಾಲೇಜಿನ ಸಿಲಬಸ್ಸೂ ಡೌನ್‌ಲೋಡ್ ಆಯಿತು. ಲಿಂಕ್ಡ್ ಲಿಸ್ಟ್, ಅರೇ, ಸ್ಟ್ಯಾಕ್, ಕ್ಯೂ ಎರಡರಲ್ಲೂ ಇತ್ತು. ಬೈನರಿ ಟ್ರೀ ಇವನದರಲ್ಲಿ ಅರ್ಧ ಯೂನಿಟ್, ಅಲ್ಲಿ ಪೂರ್ತಿ ಯೂನಿಟ್. ಗ್ರಾಫ್ ಮತ್ತು ಹ್ಯಾಶಿಂಗ್ ಇವನದರಲ್ಲಿ ಇಲ್ಲವೇ ಇಲ್ಲ. ಲ್ಯಾಬ್ ಇವನು ಸಿ ಭಾಷೆಯಲ್ಲಿ ಮಾಡಿದ್ದಾನೆ, ಅಲ್ಲೂ ಸಿ, ಬದುಕಿದೆವು. ಪೆನ್ಸಿಲ್‌ನಲ್ಲಿ ಗೆರೆ ಎಳೆದು ಲೆಕ್ಕ ಹಾಕಿದರೆ ಮುಕ್ಕಾಲು ಭಾಗ ಹೊಂದುತ್ತದೆ. ಇಂಥದ್ದನ್ನು ಒಂದು ಕಾಲೇಜು ಒಪ್ಪಬಹುದು, ಇನ್ನೊಂದು ಎರಡು ಯೂನಿಟ್ ಪರೀಕ್ಷೆ ಬರಿ ಅನ್ನಬಹುದು, ಮತ್ತೊಂದು ಪೂರ್ತಿ ಪೇಪರ್ ಮತ್ತೆ ಓದು ಅನ್ನಬಹುದು. ಆದರೆ ಗ್ರಾಫ್ ಗೊತ್ತಿಲ್ಲದೆ ಮುಂದಿನ ಸೆಮಿಸ್ಟರಿನ ಅಲ್ಗಾರಿದಮ್ಸ್ ಕ್ಲಾಸಿನಲ್ಲಿ ಕೂತರೆ ಏನಾಗುತ್ತದೆ ಅಂತ ನನಗೆ ಗೊತ್ತು. ಪಾಠ ಮಾಡುವವನಾಗಿ ಹೇಳುತ್ತೇನೆ, ಕೇವಲ ಕಾಗದದ ಮೇಲೆ ಒಪ್ಪಿದ ಕ್ರೆಡಿಟ್ ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಭಾಷೆಯ ಪೇಪರ್‌ಗಳಲ್ಲಿ ತಕರಾರು ಕಡಿಮೆ. ಅವನ ನಾಲ್ಕು ಸೆಮಿಸ್ಟರಿನ ಕನ್ನಡ, ಇಂಗ್ಲಿಷ್ ಸೇರಿ 24 ಕ್ರೆಡಿಟ್ ಸುಲಭವಾಗಿ ಹೊಂದುವಂತಿತ್ತು. ಜಗಳ ಎಲ್ಲ ಆಯ್ಕೆಯ ಪೇಪರ್, ಅಂದರೆ ಇಲೆಕ್ಟಿವ್‌ಗಳಲ್ಲಿ. ಅವನ ಯೂನಿವರ್ಸಿಟಿಯಲ್ಲಿ ಕೊಟ್ಟ ಡಿಜಿಟಲ್ ಮಾರ್ಕೆಟಿಂಗ್, ಇನ್ನೊಂದು ಹೊಳೆಯುವ ಹೆಸರಿನ ಪೇಪರ್, ಇವಕ್ಕೆ ಮೈಸೂರಿನ ಪಟ್ಟಿಯಲ್ಲಿ ಜೋಡಿಯೇ ಇಲ್ಲ. ಕೊನೆಗೆ 84ರಲ್ಲಿ 66 ಹೊಂದಬಹುದು ಅಂತ ನಮ್ಮ ಅಂದಾಜು ಬಂತು. 18 ಅಲ್ಲೇ ಹೋಯಿತು.

ಇಲ್ಲಿ ಒಂದು ಮಾತು. ನೀವು ಓದಿದ ವರ್ಷದ ಸಿಲಬಸ್ ಪಿಡಿಎಫ್ ಇವತ್ತೇ ಇಳಿಸಿಟ್ಟುಕೊಳ್ಳಿ. ಸ್ಕೀಮ್ ಬದಲಾದ ಮೇಲೆ ವೆಬ್‌ಸೈಟಿನಲ್ಲಿ ಹಳೆಯದು ಸಿಗುವುದು ಕಷ್ಟ. ಟ್ರಾನ್ಸ್‌ಫರ್‌ಗೆ ಕೇಳುವಾಗ ಪ್ರತಿ ಪುಟಕ್ಕೂ ಕಾಲೇಜಿನ ಸೀಲ್ ಕೇಳುತ್ತಾರೆ. ಮಾರ್ಕ್ಸ್ ಕಾರ್ಡ್, ಟಿಸಿ, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವುದಾದರೆ ಮೈಗ್ರೇಶನ್ ಸರ್ಟಿಫಿಕೇಟ್, ಇದೆಲ್ಲ ಎಲ್ಲರಿಗೂ ಗೊತ್ತು. ಸಿಲಬಸ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಅರ್ಧದ ನಿಯಮ

66 ಉಳಿಯಿತಲ್ಲ ಅಂದ. ಉಳಿಯಲಿಲ್ಲ. ಎಬಿಸಿ ನಿಯಮದಲ್ಲೇ ಇನ್ನೊಂದು ಮಾತಿದೆ. ಡಿಗ್ರಿ ಯಾರು ಕೊಡುತ್ತಾರೋ ಅವರ ಹತ್ತಿರವೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಒಟ್ಟು 120 ಆದರೆ 60 ಅಲ್ಲೇ ಓದಬೇಕು. ಹೊರಗಿನಿಂದ ಎಷ್ಟು ತಂದರೂ 60ಕ್ಕಿಂತ ಜಾಸ್ತಿ ಲೆಕ್ಕಕ್ಕಿಲ್ಲ.

ಅಂದರೆ ಮೂರನೇ ಸೆಮಿಸ್ಟರ್ ಮುಗಿಸಿ ಹೊರಟವನಿಗೆ ಆಗುವ ನಷ್ಟಕ್ಕಿಂತ ನಾಲ್ಕನೆಯದು ಮುಗಿಸಿ ಹೊರಟವನ ನಷ್ಟ ಜಾಸ್ತಿ. ಐದು ಮುಗಿಸಿ ಹೊರಡುವವನಿಗೆ ಕೈ ಮುಗಿಯಬೇಕು. ಟ್ರಾನ್ಸ್‌ಫರ್ ಮಾಡಲೇಬೇಕು ಅಂತಿದ್ದರೆ ಬೇಗ ಮಾಡಬೇಕು, ಮೊದಲ ವರ್ಷ ಮುಗಿದ ಕೂಡಲೇ ಆದರೆ ಇನ್ನೂ ಒಳ್ಳೆಯದು.

ಒಂದೇ ವಿಶ್ವವಿದ್ಯಾಲಯದ ಒಳಗೆ ಕಾಲೇಜು ಬದಲಿಸಿದರೆ ಇದು ಅಡ್ಡ ಬರುವುದಿಲ್ಲ, ಡಿಗ್ರಿ ಕೊಡುವವರು ಅವರೇ ತಾನೇ. ವಿಟಿಯು ಸಿಲಬಸ್ಸನ್ನೇ ಓದಿಸುವ ಎರಡು ಕಾಲೇಜುಗಳ ನಡುವೆ ಓಡಾಡುವವರಿಗೆ ಸಿಲಬಸ್ ತಾಪತ್ರಯವೂ ಇಲ್ಲ. ಆದರೆ ಸ್ವಾಯತ್ತ ಕಾಲೇಜು ಅಂದಾಗ ಹುಷಾರು. ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಸ್ವಾಯತ್ತ. ಡಿಗ್ರಿ ವಿಟಿಯುದು, ಸಿಲಬಸ್ ಮಾತ್ರ ಕಾಲೇಜಿನದು. ಮೈಸೂರಿನ ಎಸ್‌ಜೆಸಿಇ ಈಗ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಭಾಗ, ಅಲ್ಲಿ ಡಿಗ್ರಿಯೂ ಬೇರೆ. ಬೋರ್ಡಿನ ಮೇಲೆ ಮೂರೂ ಕಡೆ 'ಕಂಪ್ಯೂಟರ್ ಸೈನ್ಸ್' ಅಂತಲೇ ಬರೆದಿರುತ್ತದೆ.

ರೈಲು ತನ್ನ ವೇಗದಲ್ಲೇ ಹೋಗುತ್ತದೆ

ಈಗ 60 ಕೈಯಲ್ಲಿದೆ, 60 ಬಾಕಿ. ಸೆಮಿಸ್ಟರಿಗೆ 20ರಂತೆ ಮೂರು ಸೆಮಿಸ್ಟರ್. ಇಲ್ಲಿಗೂ ಮುಗಿಯಲಿಲ್ಲ. ಕಾಲೇಜಿನಲ್ಲಿ ಪೇಪರ್‌ಗಳು ಎಲ್ಲ ಕಾಲದಲ್ಲೂ ಸಿಗುವುದಿಲ್ಲ. ಬೆಸ ಸೆಮಿಸ್ಟರಿನ ಪೇಪರ್ ಜುಲೈ ಆಸುಪಾಸಿಗೆ, ಸಮ ಸೆಮಿಸ್ಟರಿನದು ಅದರ ಮುಂದಿನ ಆರು ತಿಂಗಳಿಗೆ. ಈ ಜುಲೈನಲ್ಲಿ ತಪ್ಪಿಸಿಕೊಂಡ ಪೇಪರ್ ಮತ್ತೆ ಬರುವುದು ಮುಂದಿನ ಜುಲೈಗೆ. ಜೊತೆಗೆ ಒಂದಕ್ಕೊಂದು ಸರಪಳಿ ಇದೆ. ಸಿ ಪ್ರೋಗ್ರಾಮಿಂಗ್ ಆದ ಮೇಲೆ ಡೇಟಾ ಸ್ಟ್ರಕ್ಚರ್ಸ್, ಅದಾದ ಮೇಲೆ ಅಲ್ಗಾರಿದಮ್ಸ್. ಮೂರನ್ನೂ ಒಟ್ಟಿಗೆ ತೆಗೆದುಕೊಂಡು ಬೇಗ ಮುಗಿಸುತ್ತೇನೆ ಅಂದರೆ ಆಗುವುದಿಲ್ಲ.

ನಾನು ಅವನಿಗೆ ಹೇಳಿದ್ದು ಹೀಗೆ. ಮೈಸೂರಿನಿಂದ ಹೊರಟ ಬೆಂಗಳೂರು ರೈಲಿಗೆ ನೀನು ಮಂಡ್ಯದಲ್ಲಿ ಹತ್ತಿದೆ ಅಂತಿಟ್ಟುಕೋ. ಮೈಸೂರಿಂದ ಮಂಡ್ಯದವರೆಗಿನ ದಾರಿ ನಿನಗೆ ಉಳಿಯಿತು, ಸರಿ. ಆದರೆ ರೈಲು ಬೆಂಗಳೂರು ಮುಟ್ಟುವುದು ಅದರ ಟೈಮಿಗೇ. ಸ್ಟೇಷನ್ನಿಗೆ ಓಡಿ ಬಂದೆ ಅಂತ ರೈಲು ಬೇಗ ಹೊರಡುವುದಿಲ್ಲ. ಇನ್ನು ಆ ರೈಲು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು, ಕಾಲೇಜಿನ ವಿಷಯದಲ್ಲಿ ಮುಂದಿನದು ಆರು ತಿಂಗಳಿಗೋ ವರ್ಷಕ್ಕೋ.

ಕ್ರೆಡಿಟ್ ಎಣಿಸಬೇಡ, ಸೆಮಿಸ್ಟರ್ ಎಣಿಸು ಅಂದೆ. ಎಣಿಸಿದೆವು. ಮೈಸೂರಿಗೆ ಬಂದರೆ ನಾಲ್ಕನೇ ಸೆಮಿಸ್ಟರಿಗೆ ಸೇರಬೇಕು. ಅದು ಶುರುವಾಗುವುದು ಮುಂದಿನ ವರ್ಷ. ಅಲ್ಲಿಯವರೆಗೆ ಸುಮ್ನೆ ಕೂರಬೇಕು. ಆಮೇಲೆ ಮೂರು ಸೆಮಿಸ್ಟರ್, ಮುಗಿಯುವುದು 2027ರ ಮಧ್ಯಕ್ಕೆ. ಬೆಂಗಳೂರಿನಲ್ಲೇ ಇದ್ದರೆ ಎರಡು ಸೆಮಿಸ್ಟರ್, 2026ರ ಮಧ್ಯಕ್ಕೆ ಮುಗಿಯುತ್ತದೆ. ಬೇಗ ಮುಗಿಸಲು ಹೊರಟ ದಾರಿಯೇ ಒಂದು ವರ್ಷ ಉದ್ದ.

ಇದರ ಮೇಲೆ ನಮ್ಮ ರಾಜ್ಯದ್ದೇ ಒಂದು ವಿಶೇಷ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂತು. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಇವನು 2023ರ ಬ್ಯಾಚ್. ಒಂದು ವರ್ಷ ಹಿಂದೆ ಬಿದ್ದರೆ ಕೂರಬೇಕಾಗುವುದು 2024ರ ಬ್ಯಾಚಿನ ಜೊತೆ, ಅವರ ಸಿಲಬಸ್ಸೇ ಬೇರೆ. ನಾವು ಪೆನ್ಸಿಲ್‌ನಲ್ಲಿ ಎಳೆದ ಗೆರೆಯನ್ನೆಲ್ಲ ಅಳಿಸಿ ಮತ್ತೆ ಎಳೆಯಬೇಕು.

ಡಿಪ್ಲೊಮಾ ದಾರಿ

ಹಾಗಾದರೆ ನಿಜವಾಗಿ ಬೇಗ ಮುಗಿಸುವ ದಾರಿ ಯಾವುದೂ ಇಲ್ಲವಾ? ಇದೆ, ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಬಾಗಿಲು.

ನಮ್ಮ ಕಡೆ ಹಳೆಯದು, ಗಟ್ಟಿಯಾದದ್ದು ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಇಲ್ಲಿ ಪೇಪರ್ ಪೇಪರ್ ಹೋಲಿಸುವ ಗೊಡವೆಯೇ ಇಲ್ಲ, ಮೊದಲ ವರ್ಷದ 40 ಕ್ರೆಡಿಟ್ ಒಟ್ಟಿಗೇ ಬಿಟ್ಟುಬಿಡುತ್ತಾರೆ. ಮೂರನೇ ಸೆಮಿಸ್ಟರಿನಿಂದ 120 ಮಾಡಿದರೆ ಆಯಿತು. ಗಣಿತ ಮಾತ್ರ ಕಾಡುತ್ತದೆ. ಅದಕ್ಕೇ ಡಿಪ್ಲೊಮಾದವರಿಗೆ ಹೆಚ್ಚುವರಿ ಗಣಿತದ ಪೇಪರ್ ಇಡುವುದು. ಕ್ರೆಡಿಟ್ ಲೆಕ್ಕಕ್ಕೆ ಬರದಿದ್ದರೂ ಪಾಸಾಗಬೇಕು.

ಆದರೆ ವರ್ಷ ಉಳಿಯುತ್ತದಾ? ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ, ಮೂರು ವರ್ಷ ಬಿಇ, ಆರು. ಪಿಯುಸಿ ಎರಡು, ಬಿಇ ನಾಲ್ಕು, ಅದೂ ಆರು. ಒಂದು ದಿನವೂ ಉಳಿಯಲಿಲ್ಲ. ಪಿಯುಸಿ ಸೈನ್ಸ್ ಮುಗಿಸಿ, ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಸೇರಿ, ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ ಬಂದರೆ ಏಳು. ಈ ದಾರಿಯ ಲಾಭ ಬೇರೆ. ಮೂರನೇ ವರ್ಷಕ್ಕೇ ಕೈಯಲ್ಲಿ ಒಂದು ಡಿಪ್ಲೊಮಾ ಇರುತ್ತದೆ. ಮನೆಯಲ್ಲಿ ತೊಂದರೆ ಬಂದರೆ ಕೆಲಸಕ್ಕೆ ಸೇರಿಕೊಳ್ಳಬಹುದು. ಹಳ್ಳಿಯಿಂದ ಬರುವ ಮಕ್ಕಳಿಗೆ ನಾನು ಈ ದಾರಿ ಹೇಳುವುದು ಅದಕ್ಕೇ ಹೊರತು ಸಮಯ ಉಳಿಯುತ್ತದೆ ಅಂತಲ್ಲ.

ಸ್ವಯಂ, ಎನ್‌ಪಿಟೆಲ್

ಆನ್‌ಲೈನ್ ಕೋರ್ಸಿನ ವಿಷಯಕ್ಕೆ ಬರೋಣ. ಸ್ವಯಂ ಕೇಂದ್ರ ಸರ್ಕಾರದ ವೇದಿಕೆ, 2017ರಿಂದ ಇದೆ. ಅದರಲ್ಲಿ ಇಂಜಿನಿಯರಿಂಗ್, ಕಂಪ್ಯೂಟರ್ ಕೋರ್ಸುಗಳನ್ನು ನೋಡಿಕೊಳ್ಳುವುದು ಎನ್‌ಪಿಟೆಲ್, ಅಂದರೆ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಯೋಜನೆ. ನಾಲ್ಕು ವಾರದ ಕೋರ್ಸಿಗೆ ಒಂದು ಕ್ರೆಡಿಟ್, ಎಂಟಕ್ಕೆ ಎರಡು, ಹನ್ನೆರಡಕ್ಕೆ ಮೂರು. ಪಾಠ ಕೇಳುವುದು ಪುಕ್ಕಟೆ. ಕ್ರೆಡಿಟ್ ಬೇಕಾದರೆ ದುಡ್ಡು ಕಟ್ಟಿ ಸೆಂಟರಿಗೆ ಹೋಗಿ ಪರೀಕ್ಷೆ ಬರೆಯಬೇಕು. ಹನ್ನೆರಡು ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ ಎಂಟು ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಎರಡೂ ಬಂದರೆ ಪಾಸು. ಪರೀಕ್ಷೆಯಲ್ಲಿ 70 ತೆಗೆದು ಅಸೈನ್‌ಮೆಂಟ್ ಬಿಟ್ಟವನಿಗೆ ಸರ್ಟಿಫಿಕೇಟ್ ಇಲ್ಲ.

ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂನಲ್ಲಿ ಮಾಡಲು ಕಾಲೇಜು ಬಿಡಬಹುದು. ಮೊದಲು ಇದು ಶೇ 20 ಇತ್ತು. 'ಬಿಡಬಹುದು' ಅನ್ನುವ ಪದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಕೋರ್ಸ್ ಶುರು ಮಾಡುವ ಮೊದಲೇ, ಇಂಥ ಪೇಪರ್ ಬದಲಿಗೆ ಇಂಥ ಕೋರ್ಸ್ ಅಂತ ಕಾಲೇಜಿನ ಒಪ್ಪಿಗೆ ಬೇಕು.

ನಮ್ಮ ವಿದ್ಯಾರ್ಥಿನಿಯೊಬ್ಬಳ ಕಥೆ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ಪೈಥಾನ್ ಮತ್ತು ಡೇಟಾ ಸೈನ್ಸ್, ಎರಡು ಕೋರ್ಸ್ ಮಾಡಿ ಎರಡರಲ್ಲೂ 80ರ ಮೇಲೆ ತೆಗೆದಳು. ಸರ್ಟಿಫಿಕೇಟ್ ಲ್ಯಾಮಿನೇಶನ್ ಮಾಡಿಸಿಕೊಂಡು ಆಫೀಸಿಗೆ ಹೋದರೆ, ಪೈಥಾನ್ ನಮ್ಮಲ್ಲಿ ಲ್ಯಾಬ್ ಸಮೇತ ಇರುವ ಪೇಪರ್, ವಿಡಿಯೊ ನೋಡಿ ಮಾಡಿದ್ದಕ್ಕೆ ಲ್ಯಾಬ್ ಕ್ರೆಡಿಟ್ ಬರಲ್ಲ ಅಂದರು. ಇನ್ನೊಂದಕ್ಕೆ ಮೊದಲೇ ಅರ್ಜಿ ಕೊಟ್ಟಿಲ್ಲ ಅಂದರು. ಎರಡೂ ಹೋಯಿತು. ಅರ್ಜಿ ಕೊಡು ಅಂತ ಅವಳಿಗೆ ಹೇಳಬೇಕಾದವರಲ್ಲಿ ನಾನೂ ಒಬ್ಬ. ಹೇಳಿರಲಿಲ್ಲ. ಕಲಿತಿದ್ದು ಎಲ್ಲೂ ಹೋಗಲಿಲ್ಲ, ಇಂಟರ್ವ್ಯೂನಲ್ಲಿ ಅದೇ ಉಪಯೋಗಕ್ಕೆ ಬಂತು ಅಂತ ಅವಳೇ ಆಮೇಲೆ ಸಮಾಧಾನ ಮಾಡಿಕೊಂಡಳು.

ಇನ್ನೊಂದು ವಿಷಯ. ಆನ್‌ಲೈನ್ ಕೋರ್ಸಿನಿಂದ ಸೆಮಿಸ್ಟರ್ ಕಡಿಮೆಯಾಗುವುದು ಅಪರೂಪ. ಅದು ಕೊಡುವುದು ಬಿಡುವು. ಕೊನೆಯ ವರ್ಷ ಕ್ಲಾಸ್ ಕಡಿಮೆಯಾಗಿ ಇಂಟರ್ನ್‌ಶಿಪ್‌ಗೋ ಕೆಲಸಕ್ಕೋ ಸಮಯ ಸಿಗುತ್ತದೆ. ವಿಟಿಯು 2022ರ ಸ್ಕೀಮಿನ ಕೊನೆಯ ವರ್ಷದಲ್ಲಿ ಆನ್‌ಲೈನ್ ಇಲೆಕ್ಟಿವ್ ಮತ್ತು ಇಂಟರ್ನ್‌ಶಿಪ್ ಸೇರಿಸಿರುವುದರ ಹಿಂದೆ ಇರುವುದೂ ಇದೇ ಯೋಚನೆ.

ಸೆಮಿಸ್ಟರನ್ನೇ ಕಡಿಮೆ ಮಾಡುವ ದಾರಿಗೆ ಯುಜಿಸಿ 2024ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟಿತು. ಹೆಸರು ಆಕ್ಸಿಲರೇಟೆಡ್ ಡಿಗ್ರಿ ಪ್ರೋಗ್ರಾಂ. ಮೂರು ವರ್ಷದ ಡಿಗ್ರಿ ಐದು ಸೆಮಿಸ್ಟರಿನಲ್ಲಿ, ನಾಲ್ಕು ವರ್ಷದ್ದು ಆರು ಅಥವಾ ಏಳರಲ್ಲಿ. ಕ್ರೆಡಿಟ್ ಒಂದೂ ಕಡಿಮೆಯಿಲ್ಲ, ಪ್ರತಿ ಸೆಮಿಸ್ಟರಿನಲ್ಲಿ ಜಾಸ್ತಿ ಹೊರೆ ಹೊರಬೇಕು ಅಷ್ಟೆ. ಕಾಲೇಜು ಹೆಚ್ಚೆಂದರೆ ಶೇ 10ರಷ್ಟು ಸೀಟಿನ ಮಕ್ಕಳಿಗೆ ಇದನ್ನು ಕೊಡಬಹುದು. ಮೊದಲ ಅಥವಾ ಎರಡನೇ ಸೆಮಿಸ್ಟರ್ ಮುಗಿದಾಗಲೇ ಆಯ್ದುಕೊಳ್ಳಬೇಕು. ನಮ್ಮ ಹುಡುಗನಿಗೆ ಆ ಗಡಿ ಯಾವಾಗಲೋ ದಾಟಿತ್ತು. ಈಗ ಮೊದಲ ವರ್ಷದಲ್ಲಿ ಇರುವವರು ಕಾಲೇಜಿನಲ್ಲಿ ಒಂದು ಮಾತು ಕೇಳಿ ನೋಡಿ.

ಕೆಲಸ ಮಾಡುತ್ತಾ ಓದುವವರಿಗೆ ಮುಕ್ತಗಂಗೋತ್ರಿ ಇದೆ. ಅಂದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಕರಾಮುವಿ. ಅದು 1996ರಿಂದ ಮೈಸೂರಿನಲ್ಲೇ ಇದೆ. ದೂರಶಿಕ್ಷಣ, ಆನ್‌ಲೈನ್ ಡಿಗ್ರಿ ಯಾವುದಕ್ಕೆ ಸೇರಿದರೂ ಆ ವರ್ಷ ಆ ಕೋರ್ಸಿಗೆ ಯುಜಿಸಿ ಒಪ್ಪಿಗೆ ಇದೆಯಾ ಅಂತ ನೋಡಿಯೇ ದುಡ್ಡು ಕಟ್ಟಿ. 2022ರಿಂದ ಎರಡು ಡಿಗ್ರಿ ಒಟ್ಟಿಗೆ ಮಾಡಲೂ ಅವಕಾಶ ಇದೆ, ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ. ಆದರೆ ಒಂದರ ಕ್ರೆಡಿಟ್ ಎರಡಕ್ಕೂ ತೋರಿಸುವಂತಿಲ್ಲ ಅನ್ನುವುದು ಮೇಲೆಯೇ ಬಂತಲ್ಲ.

ಅಮೆರಿಕದಲ್ಲಿರುವ ಕಸಿನ್ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ 60 ಕ್ರೆಡಿಟ್ ತಂದು ಯೂನಿವರ್ಸಿಟಿಗೆ ಸೇರಿದ, ಇಲ್ಲಿ ಯಾಕಾಗಲ್ಲ ಅಂತಲೂ ನಮ್ಮ ಹುಡುಗ ಕೇಳಿದ. ಅಲ್ಲಿ ಅನೇಕ ಕಡೆ ಕಮ್ಯುನಿಟಿ ಕಾಲೇಜು ಮತ್ತು ಯೂನಿವರ್ಸಿಟಿಗಳು ಯಾವ ಪೇಪರಿಗೆ ಯಾವುದು ಸಮ ಅಂತ ಮೊದಲೇ ಒಪ್ಪಂದ ಮಾಡಿಕೊಂಡು ಪಟ್ಟಿ ಹಾಕಿರುತ್ತವೆ. ವಿದ್ಯಾರ್ಥಿ ಪೆನ್ಸಿಲ್ ಹಿಡಿದು ಕೂರಬೇಕಾಗಿಲ್ಲ. ನಮ್ಮಲ್ಲಿ ಬ್ಯಾಂಕ್ ಮೊದಲು ಬಂತು, ಪಟ್ಟಿ ಇನ್ನೂ ಬರಬೇಕು.

ಮಧ್ಯಾಹ್ನ ಊಟಕ್ಕೆ ಟೇಬಲ್ ಖಾಲಿ ಮಾಡಬೇಕಾಯಿತು. ಅಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದೆವು. ಟ್ರಾನ್ಸ್‌ಫರ್ ಬೇಡ. ಐದನೇ ಸೆಮಿಸ್ಟರಿನ ಐದು ಪೇಪರಿನಲ್ಲಿ ಎರಡು, ಅಂದರೆ ಸರಿಯಾಗಿ ಶೇ 40, ಸ್ವಯಂನಲ್ಲಿ ಮಾಡಲು ಅವನ ವಿಭಾಗದವರನ್ನು ಕೇಳುವುದು. ಎರಡೂ ಲ್ಯಾಬ್ ಇಲ್ಲದ ಇಲೆಕ್ಟಿವ್. ಆರನೆಯದರಲ್ಲಿ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ ಇದೆ, ಅದನ್ನು ಮೈಸೂರಿನಲ್ಲೇ ಹುಡುಕಿಕೊಳ್ಳುವುದು. ಜುಲೈ ಬ್ಯಾಚಿನ ನೋಂದಣಿಗೆ ಕೊನೆಯ ದಿನಗಳು. ಸೋಮವಾರ ಬೆಳಗ್ಗೆಯೇ ಹೋಗಿ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟ. ಬಾಯಿಮಾತಿನಲ್ಲಿ ಆಗುತ್ತೆ ಬಿಡಪ್ಪ ಅಂದರಂತೆ. ಬಾಯಿಮಾತು ಬೇಡ ಅಂತ ನಾನು ಮೊದಲೇ ಹೇಳಿ ಕಳಿಸಿದ್ದೆ. ಅರ್ಜಿಯ ಕೆಳಗೆ ಪೇಪರ್ ಕೋಡ್, ಕೋರ್ಸಿನ ಹೆಸರು, ಕ್ರೆಡಿಟ್ ಬರೆಸಿ ಸಹಿ, ಸೀಲ್ ಹಾಕಿಸಿಕೊಂಡು ಫೋಟೊ ಕಳಿಸಿದ.

ಕ್ಲಾಸ್ ವಾರಕ್ಕೆ ಮೂರು ದಿನಕ್ಕೆ ಇಳಿಯಿತು. ಪಿಜಿ ಬಿಟ್ಟ. ರೈಲ್ವೆ ಪಾಸ್ ಮಾಡಿಸಿಕೊಂಡು ಕುವೆಂಪುನಗರದಿಂದಲೇ ಓಡಾಡುತ್ತಾನೆ, ಉಳಿದ ದಿನ ಅಂಗಡಿಯಲ್ಲಿ ಕೂರುತ್ತಾನೆ. ಎನ್‌ಪಿಟೆಲ್ ಅಸೈನ್‌ಮೆಂಟಿಗೆ ಬುಧವಾರ ರಾತ್ರಿ ಕೊನೆ. ಮೊನ್ನೆ ಬುಧವಾರ ಸಂಜೆ ಫೋನ್ ಮಾಡಿದರೆ ವಾಪಸ್ ಬರುವ ರೈಲಿನಲ್ಲಿದ್ದ, ಹತ್ತು ಪ್ರಶ್ನೆಯಲ್ಲಿ ಎರಡು ಬಾಕಿಯಂತೆ. "ಮಾವ, ಆಮೇಲೆ ಮಾಡ್ತೀನಿ, ರಾಮನಗರ ಬಂದ್ರೆ ನೆಟ್‌ವರ್ಕ್ ಹೋಗುತ್ತೆ" ಅಂತ ಇಟ್ಟೇಬಿಟ್ಟ.